ದಾನಪತ್ರವೋ, ಉಯಿಲೋ, ವಿಭಾಗವೋ: ಆಸ್ತಿ ಬರೆದುಕೊಡುವ ಮುಂಚಿನ ಲೆಕ್ಕಾಚಾರ

"ಮಗನ ಹೆಸರಿಗೆ ಗಿಫ್ಟ್ ಡೀಡ್ ಮಾಡಿಸಬೇಕಿತ್ತು, ಎಷ್ಟು ಖರ್ಚಾಗುತ್ತೆ?" ಪತ್ರ ಬರೆಯುವವರ ಮೇಜಿನ ಮುಂದೆ ಕೂತವರ ಮೊದಲ ಮಾತು ಹೆಚ್ಚಾಗಿ ಇದೇ. ಪಕ್ಕದ ಮನೆಯವರು ಮಾಡಿಸಿದ್ದನ್ನು ನೋಡಿ ಪತ್ರದ ಹೆಸರನ್ನೂ ಆರಿಸಿಕೊಂಡೇ ಬಂದಿರುತ್ತಾರೆ. ಖರ್ಚಿನ ಪ್ರಶ್ನೆಗೆ ನಾವು ಕೊನೆಯಲ್ಲಿ ಉತ್ತರಿಸುತ್ತೇವೆ. ಮೊದಲು ಕೇಳುವುದು, ಈ ಆಸ್ತಿ ನಿಮ್ಮ ಕೈಗೆ ಹೇಗೆ ಬಂತು ಅಂತ. ಆಮೇಲೆ, ಇದು ನಿಮ್ಮ ಕೈಬಿಟ್ಟು ಹೋಗಬೇಕಾದ್ದು ಇವತ್ತೋ, ನಿಮ್ಮ ಕಾಲಾನಂತರವೋ? ಈ ಎರಡಕ್ಕೆ ಸರಿಯಾದ ಉತ್ತರ ಸಿಕ್ಕರೆ ಯಾವ ಪತ್ರ ಎಂಬುದು ಮುಕ್ಕಾಲು ಪಾಲು ತೀರ್ಮಾನವಾದಂತೆ.

ಒಂದು ಮನೆಯನ್ನು ಎದುರಿಗಿಟ್ಟುಕೊಂಡು ನೋಡೋಣ. ನಮ್ಮಲ್ಲಿ ಬರುವ ಅರ್ಧಕ್ಕರ್ಧ ಮನೆಗಳು ಹೀಗೇ ಇರುತ್ತವೆ. ಎಪ್ಪತ್ತು ದಾಟಿದ ಗಂಡ ಹೆಂಡತಿ. ಮೈಸೂರಿನಲ್ಲಿ ಯಜಮಾನರು ಸಂಬಳದ ದುಡ್ಡಿನಲ್ಲಿ ಕೊಂಡ 30x40 ಸೈಟು, ಅದರ ಮೇಲೆ ಕಟ್ಟಿಸಿದ ಮನೆ. ಊರಿನಲ್ಲಿ ಅವರ ಪಾಲಿಗೆ ಬಂದ ಮೂರು ಎಕರೆ. ಮಗ ಅಮೆರಿಕದಲ್ಲಿ, ಮಗಳು ಬೆಂಗಳೂರಿನಲ್ಲಿ. ಮನೆ ಮಗನಿಗೆ, ಜಮೀನು ಇಬ್ಬರಿಗೂ, "ಒಂದೇ ಗಿಫ್ಟ್ ಡೀಡಿನಲ್ಲಿ ಮುಗಿಸಿಬಿಡಿ" ಎನ್ನುವುದು ಅವರ ಬೇಡಿಕೆ.

ಒಂದೇ ಪತ್ರದಲ್ಲಿ ಮುಗಿಯುವುದಿಲ್ಲ. ಯಾಕೆ ಎನ್ನುವುದು ಕಾಗದ ಹರಡಿ ಕೂತಾಗ ಗೊತ್ತಾಗುತ್ತದೆ. ಮನೆಗೆ ಮೂಲ ಕ್ರಯಪತ್ರ, ಖಾತೆ, ಕಂದಾಯದ ರಸೀತಿ, ಋಣಭಾರ ಪತ್ರ (ಇಸಿ) ಬೇಕು. 2004ರ ಏಪ್ರಿಲ್‌ನಿಂದ ಈಚಿನ ಇಸಿ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯ ಪುಸ್ತಕ ನೋಡಿ ಕೊಡಬೇಕಾಗುತ್ತದೆ, ತಡವಾಗುತ್ತದೆ, ಆದ್ದರಿಂದ ಅರ್ಜಿ ಮೊದಲೇ ಹಾಕಿರಬೇಕು. ಮನೆ ಸಾಲ ತೀರಿದ್ದರೂ ಬ್ಯಾಂಕಿನ ಋಣಮುಕ್ತಿ ನೋಂದಣಿಯಾಗದೆ ಇಸಿಯಲ್ಲಿ ಅಡಮಾನ ಹಾಗೇ ನಿಂತಿರುವುದು ಇಲ್ಲಿ ಕಣ್ಣಿಗೆ ಬೀಳುವ ಮೊದಲ ತೊಡಕು.

ಜಮೀನಿಗೆ ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ) ಪ್ರತಿಗಳು, ವಂಶವೃಕ್ಷ. ಪಹಣಿಯಲ್ಲಿ ಎಲ್ಲರೂ 9ನೇ ಕಾಲಂನ ಹೆಸರು ನೋಡಿ ಮಡಚಿಡುತ್ತಾರೆ. ನಾವು ನೋಡುವುದು ಅದರ ಪಕ್ಕದ 10ನೆಯದನ್ನು. ಆಸ್ತಿ ಬಂದ ರೀತಿ ಅಲ್ಲಿರುತ್ತದೆ, ಎಂಆರ್ (ಮ್ಯುಟೇಶನ್ ರಿಜಿಸ್ಟರ್) ನಂಬರಿನ ಜೊತೆಗೆ: ಕ್ರಯ, ಪೌತಿ (ವಾರಸಿನಿಂದ ಬಂದದ್ದು), ವಿಭಾಗ, ದಾನ, ಮಂಜೂರು. ಆ ಒಂದು ಪದ ಮುಂದಿನ ದಾರಿಯನ್ನು ಬದಲಿಸುತ್ತದೆ.

"ತಾತನ ಆಸ್ತಿ" ಎಂದ ಮಾತ್ರಕ್ಕೆ ಪಿತ್ರಾರ್ಜಿತವಾಗುವುದಿಲ್ಲ. ಅಪ್ಪ ಸ್ವಂತವಾಗಿ ಸಂಪಾದಿಸಿದ ಜಮೀನು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ನಂತರ ಅವರು ಉಯಿಲು ಬರೆಯದೆ ತೀರಿಕೊಂಡು ಮಕ್ಕಳಿಗೆ ಬಂದಿದ್ದರೆ, ಅದು ಆ ಮಕ್ಕಳ ಪ್ರತ್ಯೇಕ ಆಸ್ತಿ. ಮೊಮ್ಮಕ್ಕಳಿಗೆ ಅದರಲ್ಲಿ ಹುಟ್ಟಿನಿಂದ ಹಕ್ಕಿಲ್ಲ. ಆದರೆ ಅವಿಭಕ್ತ ಕುಟುಂಬದ ಆಸ್ತಿ ವಿಭಾಗವಾಗಿ ಒಬ್ಬರ ಪಾಲಿಗೆ ಬಂದಿದ್ದರೆ, ಅವರ ಮಕ್ಕಳ ಮಟ್ಟಿಗೆ ಅದು ಪಿತ್ರಾರ್ಜಿತವೇ. ನಮ್ಮ ಉದಾಹರಣೆಯ ಮೂರು ಎಕರೆಯ ಕಾಲಂನಲ್ಲಿ "ವಿಭಾಗ" ಎಂದಿದೆ. ಅಂದರೆ ಯಜಮಾನರು ಅದರ ಒಬ್ಬರೇ ಒಡೆಯರಲ್ಲ. ಮಗ ಮಗಳು ಇಬ್ಬರೂ ಆಗಲೇ ಪಾಲುದಾರರು. ಹೆಣ್ಣುಮಕ್ಕಳಿಗೆ 2005ರ ತಿದ್ದುಪಡಿಯಿಂದ ಗಂಡುಮಕ್ಕಳಷ್ಟೇ ಹಕ್ಕು. ಆ ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಮದುವೆಯಲ್ಲಿ ಒಡವೆ ಹಾಕಿ ಕಳಿಸಿದ್ದೇವೆ ಎನ್ನುವ ವಾದ ಊರಿನ ಕಟ್ಟೆಯಲ್ಲಿ ನಡೆಯಬಹುದು, ಕೋರ್ಟಿನಲ್ಲಿ ನಡೆಯುವುದಿಲ್ಲ.

ಹೀಗಿರುವಾಗ ಆ ಜಮೀನನ್ನು ಯಜಮಾನರು ದಾನಪತ್ರದಲ್ಲಿ ಬರೆದರೆ ಏನಾಗುತ್ತದೆ? ಅದಕ್ಕೆ ಕರ್ನಾಟಕದ್ದೇ ಪ್ರಕರಣವಿದೆ: ಕೆ.ಸಿ. ಲಕ್ಷ್ಮಣ ವಿರುದ್ಧ ಕೆ.ಸಿ. ಚಂದ್ರಪ್ಪಗೌಡ, 2022. "ಪ್ರೀತಿ ವಿಶ್ವಾಸದಿಂದ" ಅವಿಭಕ್ತ ಕುಟುಂಬದ ಆಸ್ತಿಯನ್ನು ದಾನ ಕೊಟ್ಟದ್ದು ನಿಲ್ಲಲಿಲ್ಲ. ಧಾರ್ಮಿಕ ಅಥವಾ ಪುಣ್ಯಕಾರ್ಯಕ್ಕೆ, ಅದೂ ಮಿತಿಯೊಳಗೆ, ಕುಟುಂಬದ ಯಜಮಾನ ದಾನ ಕೊಡಬಹುದು. ಪ್ರೀತಿ ವಿಶ್ವಾಸ ಆ ಪಟ್ಟಿಗೆ ಸೇರುವುದಿಲ್ಲ ಎಂದಿತು ಸುಪ್ರೀಂ ಕೋರ್ಟ್. ಆದರೂ ಅದೇ ಒಕ್ಕಣೆ ಇಂದಿಗೂ ದಿನಾ ಟೈಪಾಗುತ್ತಿದೆ. ಸಬ್‌ರಿಜಿಸ್ಟ್ರಾರ್ ತಡೆಯುವುದಿಲ್ಲ, ಹಕ್ಕು ಇದೆಯೋ ಇಲ್ಲವೋ ತೀರ್ಮಾನಿಸುವುದು ಅವರ ಕೆಲಸವಲ್ಲ. ನೋಂದಣಿ ಆಯಿತು ಎಂದರೆ ಪತ್ರ ಗಟ್ಟಿಯಾಯಿತು ಎಂದಲ್ಲ.

ಆದ್ದರಿಂದ ಜಮೀನಿಗೆ ವಿಭಾಗ ಪತ್ರ, ಹಳೇ ಮೈಸೂರಿನ ಮಾತಿನಲ್ಲಿ ಪಾರೀಕತ್ತು. ಅಪ್ಪ, ಮಗ, ಮಗಳು, ತಲಾ ಒಂದು ಎಕರೆ. ವಯಸ್ಕರು ಮನಸಾರೆ ಒಪ್ಪಿದರೆ ಪಾಲು ಹೆಚ್ಚುಕಡಿಮೆ ಇರಬಹುದು. ಅಪ್ರಾಪ್ತ ವಯಸ್ಕರೊಬ್ಬರು ಸೇರಿದ್ದು ಅವರ ಪಾಲಿಗೆ ಅನ್ಯಾಯವಾಗಿದ್ದರೆ, ಅವರು ಹದಿನೆಂಟು ತುಂಬಿದ ಮೇಲೆ ಇಡೀ ವಿಭಾಗವನ್ನು ಪ್ರಶ್ನಿಸಬಹುದು. ಒಂದೇ ಸರ್ವೆ ನಂಬರನ್ನು ಒಡೆಯುವುದಾದರೆ 11ಇ ನಕ್ಷೆ ಮೊದಲು ಆಗಬೇಕು. ಸರ್ವೆಯರ್ ಬಂದು ಅಳೆದು, ಪ್ರತಿ ಪಾಲನ್ನು ಗುರುತು ಮಾಡಿದ ನಕ್ಷೆ ಇಲ್ಲದೆ ಭಾಗಶಃ ಸರ್ವೆ ನಂಬರಿನ ವಿಭಾಗ, ದಾನ, ಕ್ರಯ ಯಾವುದೂ ನೋಂದಣಿಯಾಗದು. ಇಡೀ ಕೆಲಸದಲ್ಲಿ ಹೆಚ್ಚು ಕಾಯಿಸುವುದು ಇದೇ. ಅಳತೆಗೆ ಹೋದಾಗ ಪಹಣಿಯಲ್ಲಿ ಮೂರು ಎಕರೆ ಇದ್ದದ್ದು ನೆಲದ ಮೇಲೆ ಎರಡು ಎಕರೆ ಮೂವತ್ತೈದು ಗುಂಟೆಯಾಗುವುದೂ ಉಂಟು. ಪತ್ರ ಟೈಪ್ ಮಾಡಿಸಿದ ಮೇಲೆ ಅಳತೆಗೆ ಹೋಗುವವರು ಎರಡೆರಡು ಸಲ ಟೈಪ್ ಮಾಡಿಸುತ್ತಾರೆ.

10ನೇ ಕಾಲಂನಲ್ಲಿ "ಮಂಜೂರು" ಎಂದಿದ್ದು, ಅದು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನಾಗಿದ್ದರೆ ಅಂಥ ಜಮೀನು ಕೈಬದಲಾಗದಂತೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಕ್ರಯ, ದಾನ, ಅಡಮಾನ, ಭೋಗ್ಯ ಯಾವುದೂ ಸಲ್ಲದು. ಹಾಗಂತ ಎಲ್ಲ ಬಾಗಿಲೂ ಮುಚ್ಚಿಲ್ಲ. ಆ ಕಾಯ್ದೆಯ "ಪರಭಾರೆ" ವ್ಯಾಖ್ಯೆಯೊಳಗೆ ಕುಟುಂಬದವರ ನಡುವಿನ ವಿಭಾಗವೂ ಉಯಿಲೂ ಬರುವುದಿಲ್ಲ. ಅಂಥ ಜಮೀನನ್ನು ಮಗನಿಗೆ ದಾನ ಬರೆದು ಕಷ್ಟಕ್ಕೆ ಸಿಕ್ಕಿಕೊಂಡವರಿದ್ದಾರೆ. ಅದೇ ಕುಟುಂಬ ವಿಭಾಗವನ್ನೋ ಉಯಿಲನ್ನೋ ಮಾಡಿಸಿದ್ದರೆ ಈ ಕಾಯ್ದೆಯ ತಂಟೆಯೇ ಇರುತ್ತಿರಲಿಲ್ಲ.

ಇನ್ನು ಖುಲಾಸೆ ಪತ್ರ, ಅಂದರೆ ಹಕ್ಕು ಬಿಡುಗಡೆ. ಅತಿ ಹೆಚ್ಚು ದುರುಪಯೋಗವಾಗುವ ಪತ್ರ ಇದೇ. ಮಗಳು "ನನಗೆ ಬೇಡ, ಅಣ್ಣನಿಗೇ ಇರಲಿ" ಎಂದರೆ ಇದನ್ನು ಬರೆಸುತ್ತಾರೆ. ಪಿತ್ರಾರ್ಜಿತದಲ್ಲಿ ಅವಳಿಗೆ ಹಕ್ಕಿರುವುದರಿಂದ ಬಿಡುಗಡೆಗೆ ಅರ್ಥವಿದೆ. ಆದರೆ ಅಪ್ಪ ಬದುಕಿರುವಾಗಲೇ, ಅಪ್ಪನ ಸ್ವಯಾರ್ಜಿತ ಮನೆಯ ಮೇಲೆ ಮಗಳಿಂದ ಖುಲಾಸೆ ಬರೆಸಿದರೆ ಆ ಕಾಗದಕ್ಕೆ ಏನು ಬೆಲೆ? ಅವಳ ಕೈಯಲ್ಲಿ ಇರುವುದು ಮುಂದೆ ಸಿಗಬಹುದು ಎಂಬ ನಿರೀಕ್ಷೆ ಮಾತ್ರ. ಆಸ್ತಿ ವರ್ಗಾವಣೆ ಕಾಯ್ದೆಯ 6ನೇ ಕಲಂ ಪ್ರಕಾರ ಅಂಥ ನಿರೀಕ್ಷೆಯನ್ನು ವರ್ಗಾಯಿಸಲು ಬರುವುದಿಲ್ಲ. ಅಪ್ಪ ಉಯಿಲು ಬರೆಯದೆ ತೀರಿಕೊಂಡ ಮೇಲೆ ಅವಳಿಗೆ ಹಕ್ಕು ಹುಟ್ಟುತ್ತದೆ, ಹಳೆಯ ಖುಲಾಸೆ ಇಟ್ಟುಕೊಂಡ ಅಣ್ಣ ಪೆಚ್ಚಾಗುತ್ತಾನೆ. ಸ್ವಯಾರ್ಜಿತವನ್ನು ಮಗನಿಗೇ ಕೊಡುವುದಿದ್ದರೆ ಅಪ್ಪನೇ ಉಯಿಲನ್ನೋ ದಾನಪತ್ರವನ್ನೋ ಬರೆಯಬೇಕು. ಮಗಳ ಸಹಿ ಅದಕ್ಕೆ ಬೇಕಾಗಿಯೇ ಇಲ್ಲ.

ಇನ್ನೊಂದು ತೊಡಕು: ಅವಿಭಕ್ತ ಕುಟುಂಬದಲ್ಲಿ ಹಕ್ಕು ಬಿಟ್ಟರೆ ಅದು ಉಳಿದ ಎಲ್ಲ ಪಾಲುದಾರರಿಗೂ ಸಲ್ಲುತ್ತದೆ. ಇಬ್ಬರು ಅಣ್ಣಂದಿರಿದ್ದು ಒಬ್ಬನಿಗೆ ಮಾತ್ರ ಕೊಡಬೇಕು ಎಂದರೆ ಖುಲಾಸೆ ಸರಿಯಾದ ದಾರಿಯಲ್ಲ. ಮೊದಲು ವಿಭಾಗ ಮಾಡಿಸಿ, ತನ್ನ ಪಾಲು ಬಂದ ಮೇಲೆ ಅದನ್ನು ಅವನಿಗೆ ದಾನ ಮಾಡಲಿ.

ಮನೆಯ ವಿಷಯಕ್ಕೆ ಬರೋಣ. ಅದು ಸ್ವಯಾರ್ಜಿತ, ಯಜಮಾನರ ಇಷ್ಟ. ದಾನಪತ್ರವೂ ಆಗುತ್ತದೆ, ಉಯಿಲೂ ಆಗುತ್ತದೆ. ನಮ್ಮ ಅಭಿಪ್ರಾಯ ಮುಚ್ಚಿಟ್ಟುಕೊಳ್ಳುವುದಿಲ್ಲ: ತಾವು ವಾಸವಿರುವ ಒಂದೇ ಮನೆಯನ್ನು ವಯಸ್ಸಾದವರು ದಾನ ಮಾಡಬಾರದು. ದಾನಪತ್ರ ನೋಂದಣಿಯಾಗಿ ಮಗ ಒಪ್ಪಿಕೊಂಡ ಕ್ಷಣದಿಂದ ಮನೆ ಅವನದು. ಆಮೇಲೆ ಮನಸ್ಸು ಬದಲಾಯಿತೆಂದು ಅಪ್ಪ ಒಬ್ಬರೇ ಹೋಗಿ ರದ್ದು ಪತ್ರ ಬರೆಸಿದರೆ ಅದಕ್ಕೆ ಮಗ ಬದ್ಧನಲ್ಲ. ಮಗನಿಗೆ ಸಾಲಗಾರರ ಕಾಟವಿದ್ದರೆ, ವಿಚ್ಛೇದನದ ವ್ಯಾಜ್ಯವಿದ್ದರೆ, ಈ ಮನೆಯೂ ಅದರೊಳಗೆ ಎಳೆಯಲ್ಪಡುತ್ತದೆ. ಮಗನೇ ಮುಂಚೆ ತೀರಿಕೊಂಡರೆ ಮನೆ ಅವನ ವಾರಸುದಾರರಿಗೆ. ಅವರಲ್ಲಿ ತಾಯಿಗೆ ಒಂದು ಪಾಲು ಇರುತ್ತದೆ, ತಂದೆಗೆ ಇರುವುದಿಲ್ಲ. ಇದನ್ನು ಹೇಳಿದಾಗ ಯಜಮಾನರು ಸಾಮಾನ್ಯವಾಗಿ ಒಂದು ಲೋಟ ನೀರು ಕೇಳುತ್ತಾರೆ.

ಆದರೂ ದಾನವೇ ಬೇಕು ಎನ್ನಲು ಕಾರಣಗಳಿರುತ್ತವೆ. ಮಗ ಆ ಮನೆಯ ಮೇಲೆ ಸಾಲ ಎತ್ತಿ ಮಹಡಿ ಕಟ್ಟಬೇಕಿರಬಹುದು, ಅಥವಾ ತಮ್ಮ ಕಾಲಾನಂತರ ಉಯಿಲಿನ ಮೇಲೆ ಜಗಳ ಬರುವುದು ಖಚಿತವಿರಬಹುದು. ಆಗ ದಾನಪತ್ರದಲ್ಲಿ ಎರಡು ಷರತ್ತು ಇರಲೇಬೇಕು. ಮೊದಲನೆಯದು ಜೀವಿತಾವಧಿಯ ಹಕ್ಕು: "ದಾನಿ ಹಾಗೂ ದಾನಿಯ ಪತ್ನಿ ತಮ್ಮ ಜೀವಿತಾವಧಿಯವರೆಗೆ ಷೆಡ್ಯೂಲ್ ಸ್ವತ್ತಿನಲ್ಲಿ ವಾಸಿಸಲು ಮತ್ತು ಅದರ ಬಾಡಿಗೆ ಪಡೆಯಲು ಹಕ್ಕುಳ್ಳವರಾಗಿರುತ್ತಾರೆ." ಸ್ವಾಧೀನ ಉಳಿಸಿಕೊಂಡರೂ ನೋಂದಾಯಿತ ದಾನ ಊರ್ಜಿತವೇ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎರಡನೆಯದು ಪಾಲನೆಯ ಷರತ್ತು: "ದಾನ ಪಡೆದವರು ದಾನಿಯ ಊಟ, ವಸತಿ, ವೈದ್ಯಕೀಯ ಆರೈಕೆ ನೋಡಿಕೊಳ್ಳತಕ್ಕದ್ದು. ತಪ್ಪಿದಲ್ಲಿ ಹಿರಿಯ ನಾಗರಿಕರ ಕಾಯ್ದೆ, 2007ರ 23ನೇ ಕಲಮಿನಂತೆ ಈ ದಾನವನ್ನು ಅನೂರ್ಜಿತಗೊಳಿಸಲು ದಾನಿಗೆ ಹಕ್ಕಿರುತ್ತದೆ." ಅರವತ್ತು ತುಂಬಿದವರು ಈ ಕಲಮಿನಡಿ ಉಪವಿಭಾಗಾಧಿಕಾರಿಯವರ ಮುಂದೆ ಅರ್ಜಿ ಹಾಕಬಹುದು. ಷರತ್ತೇ ಇಲ್ಲದ ದಾನಕ್ಕೆ ಈ ಕಲಂ ಅನ್ವಯಿಸದು ಎಂದು 2022ರಲ್ಲಿ ತೀರ್ಪು ಬಂತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ, ಇದು ಹಿರಿಯರ ಅನುಕೂಲಕ್ಕೆ ಇರುವ ಕಾನೂನು, ಉದಾರವಾಗಿ ಓದಬೇಕು ಎಂಬ ಮಾತೂ ಬಂತು. ಉದಾರ ಓದಿನ ಮೇಲೆ ಭರವಸೆ ಇಟ್ಟು ಕೂರುವ ಬದಲು ಎರಡು ಸಾಲು ಬರೆಸಿಕೊಳ್ಳುವುದು ಸುಲಭ. ಮಗನ ಮುಖ ನೋಡಿಕೊಂಡು ಇದನ್ನು ಬರೆಸಲು ಸಂಕೋಚಪಡುವವರೇ ಹೆಚ್ಚು. "ಇದು ಎಲ್ಲರಿಗೂ ಹಾಕುವ ಷರತ್ತು" ಎಂದು ನಾವೇ ಹೇಳಿಬಿಡುತ್ತೇವೆ.

ಒಕ್ಕಣೆಯಲ್ಲಿ ಒಂದು ಪದ ತಪ್ಪಿದರೂ ಪತ್ರದ ಜಾತಿಯೇ ಬದಲಾಗುತ್ತದೆ. "ಈ ದಿನದಿಂದ ನಿನಗೆ ಸೇರಿದೆ, ಅನುಭವದ ಹಕ್ಕು ನನ್ನ ಜೀವಿತದವರೆಗೆ ನನ್ನದು" ಎಂದರೆ ದಾನ. "ನನ್ನ ನಂತರ ನಿನಗೆ ಸೇರತಕ್ಕದ್ದು" ಎಂದರೆ, ಮೇಲೆ ದಾನಪತ್ರ ಎಂದು ದಪ್ಪಕ್ಷರದಲ್ಲಿ ಬರೆದು ಶುಲ್ಕ ಕಟ್ಟಿದ್ದರೂ, ಕೋರ್ಟು ಅದನ್ನು ಉಯಿಲು ಎಂದು ಓದಬಹುದು. ಪತ್ರದ ಹೆಸರಿಗಿಂತ ಹಕ್ಕು ಯಾವಾಗ ಹುಟ್ಟಿತು ಎಂಬುದೇ ಅಲ್ಲಿ ಮುಖ್ಯ. ದಾನಪತ್ರಕ್ಕೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ದಾನ ಪಡೆದವರು ದಾನಿ ಬದುಕಿರುವಾಗಲೇ ಒಪ್ಪಿಕೊಂಡಿರಬೇಕು. ಆದ್ದರಿಂದ "ಈ ದಾನವನ್ನು ಒಪ್ಪಿ ಸ್ವೀಕರಿಸಿದ್ದೇನೆ" ಎಂದು ಅದರಲ್ಲೇ ಸಹಿ ಹಾಕಿಸಿಬಿಡುವುದು ಒಳ್ಳೆಯದು.

ಮಗ ಹೊರದೇಶದಲ್ಲಿರುವ ಮನೆಗಳಿಗೆ ಇನ್ನೊಂದು ಬೇಲಿ ಇದೆ, ವಿದೇಶಿ ವಿನಿಮಯದ ಕಾಯ್ದೆಯಾದ ಫೆಮಾದ ನಿಯಮ. ಎನ್‌ಆರ್‌ಐ ಅಥವಾ ಒಸಿಐ (ವಿದೇಶಿ ಪೌರತ್ವ ಪಡೆದ ಭಾರತ ಮೂಲದ) ಮಗನಿಗೆ ಮನೆ, ಸೈಟು, ಫ್ಲಾಟನ್ನು ದಾನ ಕೊಡಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸನ್ನು ದಾನವಾಗಿ ಪಡೆಯಲು ಅವನಿಗೆ ಬರುವುದಿಲ್ಲ, ಉತ್ತರಾಧಿಕಾರವಾಗಿ ಬಂದರೆ ಅಡ್ಡಿಯಿಲ್ಲ. ಅಪ್ಪ ಸ್ವಂತ ದುಡ್ಡಿನಲ್ಲಿ ಕೊಂಡ ಅಡಿಕೆ ತೋಟವನ್ನು ನ್ಯೂಜೆರ್ಸಿಯ ಮಗನಿಗೆ ಸೇರಿಸುವ ದಾರಿ ಉಯಿಲು ಒಂದೇ. ಪಿತ್ರಾರ್ಜಿತದ ವಿಭಾಗ ಬೇರೆ ಮಾತು. ಅಲ್ಲಿ ಹೊಸದಾಗಿ ಕೊಡುವುದೇನೂ ಇಲ್ಲ, ಇರುವ ಹಕ್ಕನ್ನು ಬೇರ್ಪಡಿಸುವುದಷ್ಟೆ. ಸಹಿಗೆ ಅವನು ಬರಲಾಗದಿದ್ದರೆ, ಅದೇ ಕೆಲಸಕ್ಕೆ ಸೀಮಿತವಾದ ಅಧಿಕಾರ ಪತ್ರವನ್ನು ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಲಿ. ಅದು ಭಾರತ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಲಕೋಟೆಯ ಮೇಲಿನ ದಿನಾಂಕವನ್ನು ಜೋಪಾನ ಮಾಡಿ, ಬಂದ ದಿನಕ್ಕೆ ಅದೇ ಪುರಾವೆ. ಅಂದಹಾಗೆ, "ಜಿಪಿಎ ಮಾಡಿಸಿಬಿಟ್ಟಿದ್ದೇನೆ, ಸಾಕಲ್ಲ" ಎನ್ನುವವರಿಗೆ: ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರ, ಬರೆದುಕೊಟ್ಟವರು ತೀರಿಕೊಂಡರೆ ಅದೂ ಅವರೊಂದಿಗೇ ಮುಗಿಯಿತು. ಜಿಪಿಎಯಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ.

ಹಾಗಾಗಿ ನಮ್ಮ ಮೈಸೂರಿನ ಮನೆಗೆ ಉಯಿಲು. ಮುದ್ರಾಂಕ ಶುಲ್ಕವಿಲ್ಲ, ನೋಂದಣಿ ಕಡ್ಡಾಯವಲ್ಲ, ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊನೆಯದೇ ಊರ್ಜಿತ. ಇಷ್ಟು ಸರಳವಾಗಿರುವುದರಿಂದಲೇ ಅಸಡ್ಡೆಯಿಂದ ಬರೆಯುತ್ತಾರೆ. ಇಬ್ಬರು ಸಾಕ್ಷಿಗಳೂ ಬರೆದವರು ಸಹಿ ಮಾಡುವುದನ್ನು ಕಣ್ಣಾರೆ ಕಂಡು, ಅವರ ಎದುರೇ ತಾವೂ ಸಹಿ ಹಾಕಬೇಕು. ಮನೆಗೆ ಕಾಗದ ಕಳಿಸಿ ಸಾಕ್ಷಿ ಸಹಿ ತರಿಸಿಕೊಂಡ ಉಯಿಲು ಮುಂದೆ ಪಾಟೀಸವಾಲಿನಲ್ಲಿ ಬೀಳುತ್ತದೆ. ಒಬ್ಬ ಸಾಕ್ಷಿಯಾದರೂ ಕೋರ್ಟಿಗೆ ಬಂದು ನುಡಿಯಬೇಕಾಗುವುದರಿಂದ, ಬರೆದವರಿಗಿಂತ ಕಿರಿಯರೂ ಊರಲ್ಲೇ ಸಿಗುವವರೂ ಇರಲಿ. ಎಂಬತ್ತರ ಗೆಳೆಯರನ್ನು ಕರೆತರಬೇಡಿ. ಒಬ್ಬರು ಚಿಕಿತ್ಸೆ ಕೊಡುತ್ತಿರುವ ವೈದ್ಯರಾದರೆ ಇನ್ನೂ ಒಳ್ಳೆಯದು.

ಆಸ್ತಿ ಪಡೆಯುವವರು ಸಾಕ್ಷಿ ಹಾಕಬಹುದೇ? ಕ್ರೈಸ್ತರ ಉಯಿಲಿನಲ್ಲಿ ಸಾಕ್ಷಿಗೆ ಅಥವಾ ಸಾಕ್ಷಿಯ ಗಂಡ ಹೆಂಡತಿಗೆ ಬರೆದ ಆಸ್ತಿ ಅನೂರ್ಜಿತ. ಹಿಂದೂಗಳಿಗೆ ಆ ಕಲಂ ಅನ್ವಯಿಸುವುದಿಲ್ಲ, ಆದರೆ ಅನುಮಾನಕ್ಕೆ ಎಡೆಯಾಗುತ್ತದೆ. ಪಡೆಯುವವರೇ ಮುಂದೆ ನಿಂತು ಬರೆಸಿದ ಉಯಿಲನ್ನು ಕೋರ್ಟು ಹೇಗೆ ತೂಗುತ್ತದೆ ಎನ್ನುವುದಕ್ಕೆ ಇಂದಿಗೂ ಎಲ್ಲರೂ ಉದ್ಧರಿಸುವುದು ಮೈಸೂರು ಸೀಮೆಯಿಂದಲೇ ಸುಪ್ರೀಂ ಕೋರ್ಟಿಗೆ ಹೋದ ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ ಪ್ರಕರಣವನ್ನು. ಮಗಳಿಗೆ ಮನೆಯಲ್ಲಿ ಏನೂ ಬರೆಯದಿದ್ದರೆ ಯಾಕೆ ಎಂಬ ಒಂದು ವಾಕ್ಯ ಇರಲಿ. ಕಾರಣ ಹೇಳದೆ ಹತ್ತಿರದವರನ್ನು ಬಿಟ್ಟದ್ದೂ ಅನುಮಾನದ ಪಟ್ಟಿಯಲ್ಲಿ ಸೇರುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಡವುವುದು ಹೆಂಡತಿಯ ವಿಷಯದಲ್ಲಿ. "ನನ್ನ ಪತ್ನಿ ಜೀವಿತಾವಧಿಯವರೆಗೆ ಅನುಭವಿಸಿ, ತದನಂತರ ಮಗನಿಗೆ" ಎನ್ನುವುದು ರೂಢಿಯ ವಾಕ್ಯ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಹೆಂಡತಿಗೆ ಮೊದಲೇ ಇದ್ದ ಜೀವನಾಂಶದ ಹಕ್ಕಿಗೆ ಬದಲಾಗಿ ಕೊಟ್ಟ ಸೀಮಿತ ಹಕ್ಕು ಹಿಂದೂ ಉತ್ತರಾಧಿಕಾರ ಕಾಯ್ದೆಯ 14(1)ರಂತೆ ಪೂರ್ಣ ಒಡೆತನವಾಗುತ್ತದೆ ಎಂದು 1977ರ ತುಳಸಮ್ಮ ತೀರ್ಪು. ಉಯಿಲಿನಲ್ಲೇ ಹೊಸದಾಗಿ ಹುಟ್ಟಿದ ಸೀಮಿತ ಹಕ್ಕು 14(2)ರಂತೆ ಸೀಮಿತವೇ. ಎರಡರ ನಡುವೆ ಗೆರೆ ಎಲ್ಲಿ ಎಂಬ ಬಗ್ಗೆ ತೀರ್ಪುಗಳೇ ಒಂದಕ್ಕೊಂದು ಹೊಂದದೆ, 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಕಳಿಸಿತು. ಈ ಗೋಜಲಿನೊಳಗೆ ಯಾಕೆ ಹೋಗಬೇಕು? ಹೆಂಡತಿಗೆ ಪೂರ್ತಿ ಬರೆಯಿರಿ, ಅವರು ತಮ್ಮದೇ ಉಯಿಲಿನಲ್ಲಿ ಮಗನಿಗೆ ಬರೆಯಲಿ. ಜೊತೆಗೆ "ನನಗಿಂತ ಮುಂಚೆ ಪತ್ನಿ ತೀರಿಕೊಂಡಲ್ಲಿ" ಎಂಬ ಸಾಲು, ಕೊನೆಗೆ "ಇಲ್ಲಿ ಹೆಸರಿಸದ ಉಳಿದೆಲ್ಲ ಸ್ವತ್ತು" ಎಂಬ ಸಾಲು. ವಿಭಾಗದಲ್ಲಿ ಯಜಮಾನರಿಗೆ ಬಂದ ಒಂದು ಎಕರೆಯನ್ನೂ ಇದರೊಳಗೇ ಸೇರಿಸಬಹುದು.

ಮುಸ್ಲಿಂ ಕುಟುಂಬಗಳ ಲೆಕ್ಕ ಬೇರೆ. ಸಾಲ, ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರ ಮೂರನೇ ಒಂದು ಭಾಗಕ್ಕೆ ಮಾತ್ರ ವಸೀಯತ್ (ಉಯಿಲು) ನಡೆಯುತ್ತದೆ, ಮಿಕ್ಕದ್ದಕ್ಕೆ ವಾರಸುದಾರರ ಒಪ್ಪಿಗೆ ಬೇಕು. ಹಿಬಾಕ್ಕೆ, ಅಂದರೆ ದಾನಕ್ಕೆ, ಘೋಷಣೆ, ಸ್ವೀಕಾರ, ಸ್ವಾಧೀನ ಮೂರೂ ಆಗಿರಬೇಕು. ಬಾಯಿಮಾತಿನ ಹಿಬಾ ಕಾನೂನಿಗೆ ಸಾಕಾದರೂ ಖಾತೆ ಬದಲಿಸಲು ಹೋದಾಗ ಕಾಗದವಿಲ್ಲದೆ ಅಲೆದಾಡಬೇಕಾಗುತ್ತದೆ.

ಈಗ ಖರ್ಚು. ಕುಟುಂಬದವರಿಗೆ ದಾನ ಕೊಟ್ಟರೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ನಿಗದಿತ ಮೊತ್ತ, ಪಾಲಿಕೆ, ಪುರಸಭೆ, ಹಳ್ಳಿ ಎಂದು ಸ್ಥಳದ ಮೇಲೆ ಬೇರೆ ಬೇರೆ. ವಿಭಾಗಕ್ಕೆ ಪಾಲಿಗೆ ಇಷ್ಟು ಎಂಬ ಲೆಕ್ಕ. ಹೊರಗಿನವರಿಗಾದರೆ ಮಾರುಕಟ್ಟೆ ಮೌಲ್ಯದ 5% ಮತ್ತು ಅದರ ಮೇಲಿನ ಸೆಸ್, ಸರ್‌ಚಾರ್ಜು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ 1%ರಿಂದ 2%ಗೆ ಏರಿದೆ. ಈ "ಕುಟುಂಬ"ದ ಪಟ್ಟಿಯಲ್ಲಿ ಸೊಸೆ ಇದ್ದಾಳೆ, ಅಳಿಯ ಇಲ್ಲ. ಅಳಿಯನಿಗೆ ಬರೆಯಬೇಕೆಂದು ಹಟ ಹಿಡಿಯುವವರು ಈ ಲೆಕ್ಕ ಕೇಳಿದ ಮೇಲೆ ಮಗಳಿಗೇ ಬರೆಯುತ್ತಾರೆ. ಸೊಸೆಗೆ ಅಥವಾ ಹೆಂಡತಿಗೆ ದಾನ ಕೊಟ್ಟ ಮನೆಯ ಬಾಡಿಗೆ ಆದಾಯ ತೆರಿಗೆಯ ಲೆಕ್ಕದಲ್ಲಿ ಕೊಟ್ಟವರಿಗೇ ಸೇರುತ್ತದೆ ಎಂಬುದೂ ನೆನಪಿರಲಿ.

ನೋಂದಣಿಯ ದಿನದ ಕೆಲಸ ಈಗ ಬಹಳ ಇಲ್ಲ. ಕಾವೇರಿ 2.0ರಲ್ಲಿ ವಿವರ ತುಂಬಿ ಕರಡು ಏರಿಸಿದರೆ ಕಚೇರಿ ಪರಿಶೀಲಿಸುತ್ತದೆ, ಶುಲ್ಕ ಆನ್‌ಲೈನ್ ಕಟ್ಟಿ ಸಮಯ ಗೊತ್ತು ಮಾಡಿಕೊಂಡು ಹೋಗಿ ಫೋಟೊ, ಹೆಬ್ಬೆಟ್ಟು ಕೊಡುವುದು. ಹಿಂದಕ್ಕೆ ಬರುವ ಕರಡುಗಳಲ್ಲಿ ಹೆಚ್ಚಿನವು ಹೆಸರಿನ ಕಾರಣಕ್ಕೆ: ಕ್ರಯಪತ್ರದಲ್ಲಿ ತಂದೆಯ ಹೆಸರು ಸೇರಿರುತ್ತದೆ, ಆಧಾರ್‌ನಲ್ಲಿ ಇನಿಷಿಯಲ್ ಮಾತ್ರ, ಖಾತೆಯಲ್ಲಿ ಮೂರನೆಯದೊಂದು. ಇ-ಖಾತೆಯಲ್ಲಿನ ಅಳತೆ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಮೂಲಪತ್ರಕ್ಕೆ ತಾಳೆಯಾಗದಿದ್ದರೂ ಅಷ್ಟೆ, ಮೊದಲು ಖಾತೆ ತಿದ್ದಿಸಿಕೊಂಡು ಬರಬೇಕು. ಹಾಸಿಗೆ ಹಿಡಿದವರಿದ್ದರೆ ವೈದ್ಯರ ಪತ್ರದೊಂದಿಗೆ ಅರ್ಜಿ ಕೊಟ್ಟು ನೋಂದಣಾಧಿಕಾರಿಯವರನ್ನು ಮನೆಗೇ ಕರೆಸಿಕೊಳ್ಳಲು ನೋಂದಣಿ ಕಾಯ್ದೆಯ 31ನೇ ಕಲಂ ಇದೆ. ಸಹಿಯಾದ ಪತ್ರವನ್ನು ನಾಲ್ಕು ತಿಂಗಳೊಳಗೆ ಹಾಜರುಪಡಿಸಬೇಕು. ಈ ಗಡುವು ಉಯಿಲಿಗಿಲ್ಲ.

ಉಯಿಲನ್ನು ನೋಂದಾಯಿಸಿದರೂ ಅದು ಇಸಿಯಲ್ಲಿ ಕಾಣುವುದಿಲ್ಲ. ಅದು ದಾಖಲಾಗುವುದು 3ನೇ ಪುಸ್ತಕದಲ್ಲಿ, ಬರೆದವರು ಬದುಕಿರುವವರೆಗೆ ಬೇರೆಯವರಿಗೆ ಪ್ರತಿ ಸಿಗದು. ಆದ್ದರಿಂದ ಉಯಿಲು ಇದೆ ಎನ್ನುವುದು, ಯಾವ ಕಚೇರಿಯಲ್ಲಿ, ಯಾವ ವರ್ಷದ್ದು ಎನ್ನುವುದು ಮಕ್ಕಳಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ಕರ್ನಾಟಕದಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್ (ಉಯಿಲು ನಿಜವೆಂದು ಕೋರ್ಟು ಕೊಡುವ ದೃಢೀಕರಣ) ಕಡ್ಡಾಯವಲ್ಲ. ಮರಣ ಪ್ರಮಾಣಪತ್ರ, ಉಯಿಲಿನ ದೃಢೀಕೃತ ಪ್ರತಿ, ವಂಶವೃಕ್ಷ ಕೊಟ್ಟು ಖಾತೆಗೆ ಅರ್ಜಿ ಹಾಕಿದರೆ ಉಳಿದ ವಾರಸುದಾರರಿಗೆ ನೋಟಿಸ್ ಹೋಗುತ್ತದೆ. ಯಾರಾದರೂ ತಕರಾರು ಹಾಕಿದರೆ ಉಯಿಲು ನಿಜವೋ ಸುಳ್ಳೋ ಎಂದು ಕಂದಾಯ ಅಧಿಕಾರಿ ತೀರ್ಮಾನಿಸುವಂತಿಲ್ಲ, ಸಿವಿಲ್ ಕೋರ್ಟಿಗೆ ಕಳಿಸುತ್ತಾರೆ. ದಾನ ಮತ್ತು ವಿಭಾಗದ ಖಾತೆಯನ್ನಂತೂ ನೋಂದಣಿಯಾದ ಕೂಡಲೇ ಬೆನ್ನು ಹತ್ತಿ ಮಾಡಿಸಿಕೊಳ್ಳಿ. ಜಮೀನಿನ ಮಾಹಿತಿ ಕಾವೇರಿಯಿಂದ ಪಹಣಿ ದಾಖಲೆಗಳ ಭೂಮಿ ತಂತ್ರಾಂಶಕ್ಕೆ ತಾನಾಗಿಯೇ ಹೋಗುತ್ತದಾದರೂ ಹೊಸ ಪಹಣಿಯಲ್ಲಿ ಮೂವರ ಹೆಸರೂ ವಿಸ್ತೀರ್ಣವೂ ಸರಿಯಾಗಿ ಕೂತಿವೆಯೇ ಎಂದು ತೆಗೆಸಿ ನೋಡಬೇಕು.